ಡಾಕ್ಟರು ಬರುವವರೆಗೆ



ಕಿರುತೆರೆಯ ಮೇಲೆ ಈ ಭಾಷಣಕ್ಕೆ ನನಗೆ ದೊರೆತ ಅವಧಿ ಹದಿನೈದು ನಿಮಿಷ. ಕಾರ್ಯಕ್ರಮ ನಿರ್ಮಾಪಕನಾಗಿ ಬೇರೆಯವರ ಮಾತಿಗೆ ಕತ್ತರಿ ಹಾಕುವುದು ನನ್ನ ನಿತ್ಯದ ಕೆಲಸ. ಈ ಬಾರಿ ನನ್ನ ಮಾತಿಗೇ ಹಾಕಿಕೊಳ್ಳಬೇಕಾಯಿತು. ಅಲ್ಲಿ ಬಿಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಾನು ಪಶುವೈದ್ಯನಲ್ಲ. ಪ್ರಾಣಿಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರ. ಕಪ್ಪೆಯನ್ನೂ ಜಿರಳೆಯನ್ನೂ ಮೇಣದ ತಟ್ಟೆಯ ಮೇಲೆ ಹರಡಿ, ಅವುಗಳ ಒಳಗನ್ನೆಲ್ಲ ಗುರುತಿಸಿ ಅಂಕ ಪಡೆದವನು. ಕಣ್ಣೆದುರಿಗೇ ಒಂದು ಹಸು ಸಾಯುತ್ತಿದ್ದಾಗ, ಅದು ಸಾಯುತ್ತಿದೆ ಎಂದು ಗುರುತಿಸಲಾರದೆ ಹೋದವನೂ ನಾನೇ.

2016ರ ಚಳಿಗಾಲ. ನಾಡತಳಿಗಳ ಬಗ್ಗೆ ಒಂದು ಸಾಕ್ಷ್ಯಚಿತ್ರಕ್ಕಾಗಿ ತುಮಕೂರು ಸೀಮೆಯ ಒಂದು ಗೋಶಾಲೆಗೆ ಬೆಳಗಿನ ಆರೂವರೆಗೇ ಹೋಗಿದ್ದೆವು. ಇಳಿಬಿಸಿಲಿಗಿಂತ ಎಳೆಬಿಸಿಲಿನಲ್ಲಿ ಹಳ್ಳಿಕಾರ್ ಹಸುವಿನ ಬೂದು ಮೈಬಣ್ಣ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಛಾಯಾಗ್ರಾಹಕರ ಲೆಕ್ಕಾಚಾರ. ನಾವು ಹೋಗುವ ಹೊತ್ತಿಗೆ ದಾನಿಯೊಬ್ಬರು ಮಗನ ಹುಟ್ಟುಹಬ್ಬಕ್ಕೆಂದು ಕಳಿಸಿದ ಒಂದು ಟ್ರ್ಯಾಕ್ಟರ್ ಲೂಸರ್ನ್ ಸೊಪ್ಪು ಬಂದು ಬಿದ್ದಿತ್ತು. ಇಬ್ಬನಿಯಲ್ಲಿ ತೊಯ್ದ ಎಳೆಯ ಹಸಿರು ಸೊಪ್ಪು. ರಾತ್ರಿಯೆಲ್ಲ ಒಣಹುಲ್ಲು ಮೆಲ್ಲಿ ಬೇಸತ್ತ ಹಸುಗಳು ಗೋದಲಿಗೆ ಮುಗಿಬಿದ್ದವು. ನಮಗೂ ಅದು ಒಳ್ಳೆಯ ದೃಶ್ಯವೇ ಆಯಿತು.

ಎಂಟು ಗಂಟೆಯ ಸುಮಾರಿಗೆ ಕೊಟ್ಟಿಗೆಯ ಕೊನೆಯಲ್ಲಿದ್ದ ಒಂದು ಹಸು ನೆಲಕ್ಕೆ ಕುಸಿಯಿತು. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಅಲ್ಲಿನ ಹಿರಿಯ ಕೆಲಸಗಾರರನ್ನು ಎಲ್ಲರೂ ತಾತ ಎಂದೇ ಕರೆಯುತ್ತಿದ್ದರು. ತಾತ ಓಡಿಬಂದರು. ಮೇಲ್ವಿಚಾರಕರು ಡಾಕ್ಟರಿಗೆ ಫೋನು ಮಾಡಿದರು. ತಾತ ಒಳಗಿನಿಂದ ಬಿದಿರಿನ ಗೊಟ್ಟ ತಂದು, ಅಡಿಗೆ ಎಣ್ಣೆ ತುಂಬಿ, ಇಬ್ಬರಿಂದ ಹಸುವಿನ ತಲೆಯನ್ನು ಮೇಲಕ್ಕೆತ್ತಿಸಿ, ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು ಎಣ್ಣೆ ಹೊಯ್ದರು. ಹಸು ಒಂದೆರಡು ಸಲ ಕೆಮ್ಮಿತು. ಕಾಲು ಸೆಟೆಯಿತು. ಡಾಕ್ಟರು ಇಪ್ಪತ್ತು ಕಿಲೋಮೀಟರ್ ದೂರದಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದು ತಲಪುವ ವೇಳೆಗೆ ತಾತ ಅದರ ಕೊರಳ ಗಂಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದರು. ಅವರು ಅತ್ತದ್ದನ್ನು ನಾವು ಚಿತ್ರೀಕರಿಸಲಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನಮ್ಮ ಕ್ಯಾಮೆರಾದಲ್ಲಿತ್ತು.

ಸಂಕಲನ ಕೊಠಡಿಯಲ್ಲಿ ಆ ಚಿತ್ರಿಕೆಯನ್ನು ಏನು ಮಾಡಬೇಕೆಂದು ತೋಚದೆ, ಪರಿಚಯದ ಪಶುವೈದ್ಯೆಯೊಬ್ಬರನ್ನು ಕರೆಸಿ ತೋರಿಸಿದೆ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಬೀದಿಪ್ರಾಣಿಗಳ ಆಶ್ರಯಧಾಮಗಳಲ್ಲಿ ಹಲವು ವರ್ಷ ದುಡಿದವರು. ಅವರು ಮೂರು ಕಡೆ ಚಿತ್ರವನ್ನು ನಿಲ್ಲಿಸಿದರು.

ಮೊದಲನೆಯದು, ಹಸು ಬೀಳುವುದಕ್ಕೆ ಮೂವತ್ತೈದು ನಿಮಿಷ ಮುಂಚಿನ ದೃಶ್ಯ. ನಾವು ಕೊಂಬಿನ ಸೊಗಸನ್ನು ಹಿಡಿಯುತ್ತಿದ್ದೆವು. ಹಿನ್ನೆಲೆಯಲ್ಲಿ ಅದೇ ಹಸು ನಿಂತಿದೆ. ಮೇವು ಬಿಟ್ಟಿದೆ. ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತಿದೆ. ಎಡ ಪಕ್ಕೆಯ ಮೇಲ್ಭಾಗದಲ್ಲಿ, ಹಸಿದಾಗ ಒಳಕ್ಕೆ ಇಳಿದು ಕುಳಿಯಾಗುವ ಜಾಗ ಉಂಟಲ್ಲ, ಅದು ಬೆನ್ನುಮೂಳೆಯ ಮಟ್ಟಕ್ಕೆ ಏರಿದೆ. "ಈಗ ಫೋನು ಮಾಡಿದ್ದರೆ ಸಾಕಿತ್ತು" ಎಂದರು.

ಎರಡನೆಯದು, ಹಸು ಬಿದ್ದ ಮೇಲೆ ಅದನ್ನು ಅಡ್ಡಡ್ಡ ಮಲಗಿಸಿ ಕಾಲು ನೀಡಿಸಿದ್ದು. ಪಾಪ, ಆರಾಮವಾಗಲಿ ಎಂದು. ಮೆಲುಕು ಹಾಕುವ ಪ್ರಾಣಿ ಕಾಯಿಲೆ ಬಿದ್ದಾಗ ಪಕ್ಕಕ್ಕೆ ಮಲಗಬಾರದು. ಅದನ್ನು ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಹುಲ್ಲಿನ ಪಿಂಡಿಯನ್ನೋ ಮರಳಿನ ಚೀಲವನ್ನೋ ಒತ್ತುಕೊಟ್ಟು ನಿಲ್ಲಿಸಬೇಕು.

ಮೂರನೆಯದು ಗೊಟ್ಟ. ಅಲ್ಲಿ ಅವರು ಬಹಳ ಹೊತ್ತು ಸುಮ್ಮನಿದ್ದರು.

ಇದರ ಹಿಂದಿನ ವಿಜ್ಞಾನವನ್ನು ಸ್ವಲ್ಪ ಹೇಳಬೇಕು. ದೊಡ್ಡ ಹಸುವಿನ ಮೊದಲ ಹೊಟ್ಟೆ ನೂರು ಲೀಟರಿಗೂ ಮಿಗಿಲಾದ ಒಂದು ಹುದುಗಿನ ತೊಟ್ಟಿ. ಅದರಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಜೀರ್ಣಿಸುವಾಗ ಇಂಗಾಲದ ಡೈ ಆಕ್ಸೈಡ್ ಮತ್ತು ಮೀಥೇನ್ ಅನಿಲಗಳು ಗಂಟೆಗೆ 30ರಿಂದ 50 ಲೀಟರಿನಷ್ಟು ಹುಟ್ಟುತ್ತವೆ. ಆರೋಗ್ಯವಂತ ಹಸು ತೇಗಿ ತೇಗಿ ಅದನ್ನೆಲ್ಲ ಹೊರಹಾಕುತ್ತದೆ. ಎಳೆಯ ಲೂಸರ್ನ್‌ನಂತಹ ದ್ವಿದಳ ಸೊಪ್ಪನ್ನು ಹಸಿದ ಹೊಟ್ಟೆಗೆ ಒಮ್ಮೆಲೇ ತಿಂದರೆ ಅನಿಲವು ಸೋಪಿನ ನೊರೆಯಂತೆ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನೊರೆಯನ್ನು ತೇಗಲು ಆಗುವುದಿಲ್ಲ. ಹೊಟ್ಟೆ ಉಬ್ಬಿ ವಪೆಯನ್ನೂ ಶ್ವಾಸಕೋಶವನ್ನೂ ದೊಡ್ಡ ರಕ್ತನಾಳಗಳನ್ನೂ ಒತ್ತುತ್ತದೆ. ಅಡಿಗೆ ಎಣ್ಣೆ ಆ ನೊರೆಯನ್ನು ಒಡೆಯುತ್ತದೆ. ಅಂದರೆ ತಾತ ತಂದ ಔಷಧ ಸರಿಯಾದದ್ದೇ! ಅವರ ಅಜ್ಜನ ಕಾಲದಿಂದ ಬಂದ ಆ ತಿಳಿವಳಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಬಿದ್ದಿರುವ, ನುಂಗಲಾರದ ಹಸುವಿನ ಮೂಗನ್ನು ಆಕಾಶಕ್ಕೆ ಎತ್ತಿ, ನಾಲಿಗೆಯನ್ನು ಎಳೆದು ಹಿಡಿದರೆ ಗಂಟಲ ಬಾಗಿಲು ಮುಚ್ಚುವುದಿಲ್ಲ. ಎಣ್ಣೆ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯಿತು.

ಇನ್ನೂ ಒಂದು ಸಂಗತಿ ಆ ಚಿತ್ರಿಕೆಯ ಧ್ವನಿಯಲ್ಲಿತ್ತು. ಮೇಲ್ವಿಚಾರಕರು ಫೋನಿನಲ್ಲಿ ಹೇಳಿದ ಮಾತು ಇಷ್ಟೇ: "ಸಾರ್, ಹಸು ಬಿದ್ಕೊಂಡುಬಿಟ್ಟಿದೆ, ಬೇಗ ಬನ್ನಿ ಸಾರ್." ಬಿದ್ದ ಹಸು ಎಂದರೆ ಹಾಲುಜ್ವರವಿರಬೇಕೆಂದು ಆ ಡಾಕ್ಟರು ಚೀಲದಲ್ಲಿ ಕ್ಯಾಲ್ಸಿಯಂ ಬಾಟಲಿಗಳನ್ನು ತುಂಬಿಕೊಂಡು ಬಂದಿದ್ದರು. ಹೊಟ್ಟೆ ಚುಚ್ಚಿ ಅನಿಲ ಬಿಡುವ ಟ್ರೋಕಾರ್ ಎಂಬ ಸಲಕರಣೆ ಆಸ್ಪತ್ರೆಯ ಬೀರುವಿನಲ್ಲೇ ಉಳಿದಿತ್ತು. "ಹೊಟ್ಟೆ ಉಬ್ಬಿದೆ" ಎಂಬ ಎರಡು ಪದವನ್ನು ಯಾರೂ ಹೇಳಿರಲಿಲ್ಲ.

ಎರಡು ವರ್ಷದ ನಂತರ, 2018ರಲ್ಲಿ, ಅದೇ ಪಶುವೈದ್ಯೆ ಬೆಂಗಳೂರಿನ ಹೊರವಲಯದ ಒಂದು ಪ್ರಾಣಿಧಾಮದಲ್ಲಿ ಕೆಲಸಗಾರರಿಗಾಗಿ ಮೂರು ದಿನಗಳ ತುರ್ತುಚಿಕಿತ್ಸಾ ತರಬೇತಿ ನಡೆಸಿದರು. ನಾನು ಕ್ಯಾಮೆರಾ ಸಮೇತ ಹೋದೆ. ತುಮಕೂರಿನ ಗೋಶಾಲೆಯಿಂದಲೂ ನಾಲ್ವರು ಬಂದಿದ್ದರು. ತಾತನೂ ಬಂದಿದ್ದರು.

ಇಂತಹ ಸ್ಥಳಗಳಲ್ಲಿ ದುಡಿಯುವವರು ಯಾರು ಎಂದು ನೀವು ಕೇಳಬಹುದು. ಹದಿನಾಲ್ಕು ಮಂದಿಯಲ್ಲಿ ರಾಯಚೂರು ಕಡೆಯವರು ಐವರು, ನೇಪಾಳದ ಗಂಡ ಹೆಂಡತಿ ಒಂದು ಜೋಡಿ, ತೆಲುಗು ಮಾತನಾಡುವವರು ಮೂವರು, ಉಳಿದವರು ತುಮಕೂರಿನವರು. ಅರ್ಧದಷ್ಟು ಜನಕ್ಕೆ ಓದಲು ಬರುತ್ತಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಡಾಕ್ಟರಮ್ಮ ಗೋಡೆಯ ಮೇಲೆ ಇಂಗ್ಲಿಷಿನ ಚಿತ್ರಫಲಕಗಳನ್ನು ಮೂಡಿಸಿ ಒಂದೂವರೆ ಗಂಟೆ ಪಾಠ ಮಾಡಿದರು. ಯಾರೂ ಪ್ರಶ್ನೆ ಕೇಳಲಿಲ್ಲ. ಪ್ರಶ್ನೆ ಬಾರದ ಸಭೆಯನ್ನು ಕಂಡರೆ ನಮ್ಮ ಕಸುಬಿನವರಿಗೂ ಭಯವೇ. ಊಟದ ನಂತರ ಅವರು ಆ ಯಂತ್ರವನ್ನು ಮುಚ್ಚಿಟ್ಟು ಎಲ್ಲರನ್ನೂ ನಾಯಿಗಳ ಅಂಗಳಕ್ಕೆ ಕರೆದೊಯ್ದರು. ತರಬೇತಿ ಶುರುವಾದದ್ದು ಅಲ್ಲಿಂದ.

"ನಿಮ್ಮ ಉಗುರನ್ನು ಒತ್ತಿ ಬಿಡಿ" ಎಂದರು. ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಮತ್ತೆ ಕೆಂಪೇರಿತು. ಅದನ್ನೇ ನಾಯಿಯ ವಸಡಿನ ಮೇಲೆ ಮಾಡಬೇಕು. ಬೆರಳು ತೆಗೆದ ಎರಡು ಸೆಕೆಂಡಿನೊಳಗೆ ಬಣ್ಣ ಮರಳಿ ಬಂದರೆ ರಕ್ತ ಓಡಾಡುತ್ತಿದೆ ಎಂದರ್ಥ. ತಡವಾದರೆ ಪ್ರಾಣಿ ಆಘಾತದ ಸ್ಥಿತಿಗೆ ಜಾರುತ್ತಿರಬಹುದು. ಎರಡು ಸೆಕೆಂಡು ಎಂದರೆ ಎಷ್ಟು? ತಾತ ತಾವಾಗಿಯೇ ಒಂದು ಅಳತೆ ಕಂಡುಕೊಂಡರು: ನಿಧಾನವಾಗಿ "ಶಿವ ಶಿವ" ಎನ್ನುವಷ್ಟು. ಆಮೇಲೆ ಬಣ್ಣದ ಪಾಠ. ತಿಳಿಗುಲಾಬಿ ಸರಿ. ಸುಣ್ಣದಂತೆ ಬಿಳಿಯಾದರೆ ರಕ್ತ ಕಳೆದುಕೊಂಡಿದೆ ಅಥವಾ ಆಘಾತದಲ್ಲಿದೆ. ನೀಲಿಯಾದರೆ ಉಸಿರು ಸಾಲದು. ಇಟ್ಟಿಗೆಯ ಕೆಂಪಾದರೆ ಬಿಸಿಲಿನ ಹೊಡೆತವೋ ಮೈಯೆಲ್ಲ ಹರಡಿದ ನಂಜೋ ಇರಬಹುದು. ಅರಿಸಿನವಾದರೆ ಕಾಮಾಲೆ. ಬೀದಿನಾಯಿಗಳಲ್ಲಿ ಅನೇಕವಕ್ಕೆ ವಸಡೇ ಕಪ್ಪು. "ಅದಕ್ಕೇನು ಮಾಡೋದು ಡಾಕ್ಟರಮ್ಮ?" ಎಂದು ನೇಪಾಳದ ಹೆಂಗಸು ಕೇಳಿದಳು. ಮೂರು ದಿನಗಳ ಮೊದಲ ಪ್ರಶ್ನೆ ಅದು. ಕೆಳರೆಪ್ಪೆಯನ್ನು ಎಳೆದು ಒಳಗಿನ ಕೆಂಪನ್ನು ನೋಡಬೇಕು ಎಂಬುದು ಉತ್ತರ.

ಥರ್ಮಾಮೀಟರಿಗೆ ಎಲ್ಲರೂ ಹೆದರಿದರು. ಅದನ್ನು ಗುದದಲ್ಲಿ ಇಡಬೇಕಲ್ಲ. ಒಬ್ಬ ಹುಡುಗ ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಬಾಲದ ಕೂದಲಿಗೆ ಕಚ್ಚಿಸಿದ, ಕಳೆದೂಹೋಗದು, ಬಿದ್ದೂಹೋಗದು. ಮನುಷ್ಯನ ಮೈಗೆ 98.4 ಡಿಗ್ರಿಯಾದರೆ ಹಸುವಿಗೂ ನಾಯಿಗೂ 101.5ರ ಆಸುಪಾಸು ಸಹಜ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಆ ಸಂಚಿಕೆ ಪ್ರಸಾರವಾದಾಗ ತೆರೆಯ ಕೆಳಗಿನ ಬರಹದಲ್ಲಿ ಫ್ಯಾರನ್‌ಹೀಟ್ ಬದಲು ಸೆಂಟಿಗ್ರೇಡ್ ಎಂದು ಹೋಗಿಬಿಟ್ಟಿತು. ಶಿರಸಿಯಿಂದ ಹಿರಿಯ ವೀಕ್ಷಕರೊಬ್ಬರ ಕಾರ್ಡು ಬಂತು: "ಆ ಲೆಕ್ಕದಲ್ಲಿ ನಿಮ್ಮ ನಾಯಿ ಕುದಿದುಹೋಗಿರಬೇಕು." ವಿಜ್ಞಾನ ಪದವೀಧರನಿಗೆ ಇದಕ್ಕಿಂತ ಮಂಗಳಾರತಿ ಬೇಕೆ?

ಎರಡನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದರು. "ಹುಚ್ಚುನಾಯಿ ರೋಗದ ಲಸಿಕೆಯನ್ನು ಮುಂಜಾಗ್ರತೆಯಾಗಿ ಹಾಕಿಸಿಕೊಂಡವರು ಕೈ ಎತ್ತಿ." ಹದಿನಾಲ್ಕರಲ್ಲಿ ಮೂರು ಕೈ ಮೇಲೆದ್ದವು. ಅವರು ಮುಂದಿನ ಪಾಠವನ್ನೇ ನಿಲ್ಲಿಸಿದರು. ಉಳಿದ ಹನ್ನೊಂದು ಜನಕ್ಕೆ ಆ ದಿನವೇ ಮೊದಲ ಚುಚ್ಚುಮದ್ದು ಆಗದ ಹೊರತು ನಾಯಿಯನ್ನು ಮುಟ್ಟಿಸುವುದಿಲ್ಲ ಎಂದು ಹಟ ಹಿಡಿದು, ವ್ಯವಸ್ಥಾಪಕರನ್ನು ಅತ್ತಿತ್ತ ಓಡಾಡಿಸಿ, ಮಧ್ಯಾಹ್ನದೊಳಗೆ ಅದನ್ನು ಮಾಡಿಸಿಯೂಬಿಟ್ಟರು. ನನ್ನ ಚಿತ್ರೀಕರಣದ ವೇಳಾಪಟ್ಟಿ ತಲೆಕೆಳಗಾಯಿತು. ಆದರೂ ಆ ಮೂರು ದಿನಗಳಲ್ಲಿ ನಡೆದ ಅತ್ಯಂತ ಮುಖ್ಯವಾದ ಕೆಲಸ ಅದೇ ಎಂದು ನನ್ನ ಅಭಿಪ್ರಾಯ. ರೇಬೀಸ್‌ನ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದ, ಪರಚಿದ ಗಾಯವನ್ನು ಆ ಕ್ಷಣವೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು, ಅರಿಸಿನ, ಸುಣ್ಣ, ಕಾರದ ಪುಡಿ ಯಾವುದನ್ನೂ ಮೆತ್ತಬಾರದು, ಆಸ್ಪತ್ರೆಗೆ ಹೋಗಬೇಕು. ಮೊದಲೇ ಲಸಿಕೆ ಪೂರ್ಣಗೊಳಿಸಿಕೊಂಡಿದ್ದರೂ ಕಚ್ಚಿಸಿಕೊಂಡಾಗ ಆಸ್ಪತ್ರೆ ತಪ್ಪದು, ಆದರೆ ಆಗ ಆ ದಿನ ಒಂದು, ಮೂರನೆಯ ದಿನ ಒಂದು, ಎರಡು ಚುಚ್ಚುಮದ್ದು ಸಾಕಾಗುತ್ತದೆ.

ಇದರ ಜೊತೆಗೆ ಅವರು ಹೇಳಿದ ಒಂದು ಮಾತು ನನ್ನ ಮೈ ಜುಮ್ಮೆನ್ನಿಸಿತು. ಜೊಲ್ಲು ಸುರಿಸುತ್ತ, ಬಾಯಿ ತೆರೆದುಕೊಂಡು, ನುಂಗಲಾರದೆ ನಿಂತ ಹಸುವನ್ನು ಕಂಡರೆ ನಮ್ಮವರು ಏನು ಮಾಡುತ್ತಾರೆ? ಗಂಟಲಿಗೆ ಏನೋ ಸಿಕ್ಕಿದೆ, ಮಾವಿನ ಓಟೆಯೋ ಗೆಣಸೋ ಇರಬೇಕು ಎಂದು ಬರಿಗೈಯನ್ನು ಬಾಯೊಳಗೆ ಹಾಕುತ್ತಾರೆ. ರೇಬೀಸ್ ತಗುಲಿದ ಹಸುವೂ ಅನೇಕ ಸಲ ಹೀಗೆಯೇ ಕಾಣುತ್ತದೆ. ಅದು ಕೆರಳಿ ಹಾಯಲೇಬೇಕೆಂದಿಲ್ಲ. ಮಂಕಾಗಿ, ಗಂಟಲ ಸ್ನಾಯು ಸೋತು, ಜೊಲ್ಲು ಸುರಿಸುತ್ತ ನಿಂತಿರಬಹುದು. ಆ ಜೊಲ್ಲಿನಲ್ಲೇ ವೈರಾಣು. ಇದನ್ನು ಕೇಳಿ ಗೋಶಾಲೆಯ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಎಷ್ಟು ಸಲ ಕೈ ಹಾಕಿದ್ದರೋ. ಕೈಗವಸಿಲ್ಲದೆ ಹೆರಿಗೆ ಮಾಡಿಸಿ, ಕಸ ಎಳೆದು ಕಂದುರೋಗ ಅಂಟಿಸಿಕೊಳ್ಳುವ ವಿಷಯವೂ ಬಂತು. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಎಂದು ಕೆಲಸಗಾರ ಊರಿಗೆ ಹೋಗಿ ಮಲಗುತ್ತಾನೆ. ಅದಕ್ಕೂ ಕೊಟ್ಟಿಗೆಗೂ ನಂಟು ಕಲ್ಪಿಸುವವರು ಯಾರೂ ಇರುವುದಿಲ್ಲ.

ಅಂದು ಸಂಜೆ ಒಂದು ಅಣಕು ಪರೀಕ್ಷೆ. ಮೂರು ಪ್ರಾಣಿಗಳು ಒಟ್ಟಿಗೆ ಬಂದಿವೆ ಎಂದು ಭಾವಿಸಬೇಕು. ಕಾಲು ಮುರಿದು ಕಿರುಚುತ್ತಿರುವ ನಾಯಿ. ಕತ್ತಿನ ಗಾಯದಲ್ಲಿ ಹುಳು ಬಿದ್ದಿರುವ ಎತ್ತು. ಮೂಲೆಯಲ್ಲಿ ಸದ್ದಿಲ್ಲದೆ ಮಲಗಿರುವ ಬಿಳಿ ವಸಡಿನ ಮರಿ. ಎಲ್ಲರೂ ಕಿರುಚುವ ನಾಯಿಯತ್ತ ಓಡಿದರು, ಇಬ್ಬರು ಎತ್ತಿನ ಕಡೆಗೆ. "ಕಿರುಚೋ ನಾಯಿಗೆ ಕಿರುಚೋವಷ್ಟು ಉಸಿರಿದೆ. ಹುಳು ನಾಳೆಯೂ ಇರುತ್ತೆ. ಆ ಮರಿ ಇನ್ನರ್ಧ ಗಂಟೆ ಇರೋದಿಲ್ಲ" ಎಂದರು ಡಾಕ್ಟರಮ್ಮ. ಗಾಯಾಳುವಿನ ಅಂತಸ್ತನ್ನಾಗಲಿ ಕೂಗನ್ನಾಗಲಿ ನೋಡದೆ ಗಾಯದ ತೀವ್ರತೆಯನ್ನು ನೋಡಿ ಸರದಿ ನಿರ್ಧರಿಸುವ ಈ ಪದ್ಧತಿಯನ್ನು ಯುದ್ಧಭೂಮಿಯಲ್ಲಿ ರೂಢಿಗೆ ತಂದವನು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ. ನಮ್ಮ ಪ್ರಾಣಿಧಾಮಗಳೂ ಒಂದು ಬಗೆಯ ಯುದ್ಧಭೂಮಿಗಳೇ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಗೇಟಿನ ಹೊರಗೆ ಮೂರು ರಟ್ಟಿನ ಪೆಟ್ಟಿಗೆಗಳು ಇರುತ್ತವೆ.

ಬಿಸಿಲಿನ ಹೊಡೆತದ ಪಾಠದಲ್ಲಿಯೂ ರೂಢಿ ಅಡ್ಡ ಬಂತು. ನಾಯಿ ಹಿಡಿಯುವ ಬಂಡಿ ಏಪ್ರಿಲ್ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತರೆ ಒಳಗೆ ಒಲೆಯಾಗುತ್ತದೆ. ಒದ್ದೆ ಗೋಣಿಚೀಲವನ್ನು ನಾಯಿಯ ಮೇಲೆ ಹೊದಿಸಿಬಿಡುವುದು ನಮ್ಮವರ ಅಭ್ಯಾಸ. ಚೀಲ ಬೇಗನೆ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಮೈಗೆ ನಲ್ಲಿಯ ತಣ್ಣೀರು ಸುರಿಯುತ್ತ ಗಾಳಿ ಹಾಕಬೇಕು. ಆವಿಯಾಗುವ ನೀರೇ ಶಾಖವನ್ನು ಒಯ್ಯುತ್ತದೆ. ಥರ್ಮಾಮೀಟರು 103ರ ಆಸುಪಾಸಿಗೆ ಇಳಿದೊಡನೆ ನಿಲ್ಲಿಸಬೇಕು, ಇಲ್ಲವಾದರೆ ಮೈ ಅತಿಯಾಗಿ ತಣ್ಣಗಾಗುತ್ತ ಹೋಗುತ್ತದೆ. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ನೀರು ಬಿಡಕೂಡದು. ಇಲ್ಲಿ ತಾತ ಮೊದಲ ಬಾರಿಗೆ ಮಾತನಾಡಿದರು. "ಎಣ್ಣೆ ಆದರೂ ಅಷ್ಟೇ ಅಲ್ವಾ ತಾಯಿ?" ಎಂದರು.

ಆ ಚಿತ್ರಿಕೆಯನ್ನು ತರಬೇತಿಯಲ್ಲಿ ತೋರಿಸುವುದೋ ಬೇಡವೋ ಎಂದು ನಾನೂ ಡಾಕ್ಟರಮ್ಮನೂ ಹಿಂದಿನ ರಾತ್ರಿ ಬಹಳ ಹೊತ್ತು ಚರ್ಚಿಸಿದ್ದೆವು. ತೋರಿಸಬಾರದು ಎಂಬುದು ನನ್ನ ವಾದವಾಗಿತ್ತು. ಎರಡು ವರ್ಷ ಅದನ್ನು ಪ್ರಸಾರ ಮಾಡದೆ ಇಟ್ಟುಕೊಂಡಿದ್ದೆ. ಮುದುಕರೊಬ್ಬರ ತಪ್ಪನ್ನು ಗೋಡೆಯ ಮೇಲೆ ಮೂಡಿಸುವುದು ನನಗೆ ಒಗ್ಗಲಿಲ್ಲ. ತಾತನೇ ನನ್ನ ಹತ್ತಿರ ಬಂದು, "ಅವತ್ತು ನೀವು ತೆಗೆದಿದ್ರಲ್ಲ, ಅದು ಇದೆಯಾ?" ಎಂದು ಕೇಳಿದರು. ಇದೆ ಎಂದೆ. "ಹಾಕಿ. ಇವ್ರೆಲ್ಲ ನೋಡ್ಲಿ. ನಾನೂ ನೋಡ್ಬೇಕು" ಎಂದರು. ಹಾಕಿದೆವು. ಡಾಕ್ಟರಮ್ಮ ಅದೇ ಮೂರು ಕಡೆ ನಿಲ್ಲಿಸಿದರು. ಮೂರನೆಯ ಕಡೆ ತಾತ ಎದ್ದು ಗೋಡೆಯ ಹತ್ತಿರ ಹೋಗಿ, ಹಸುವಿನ ಎತ್ತಿದ ಮೂಗಿನ ಮೇಲೆ ಬೆರಳಿಟ್ಟು ಕೆಲವು ಕ್ಷಣ ನಿಂತರು. ಆಮೇಲೆ ತಾವೇ ಹುಡುಗರಿಗೆ ತೋರಿಸಿಕೊಟ್ಟರು: ಗೊಟ್ಟ ಹಾಕಿದರೆ ನಿಂತ ಹಸುವಿಗೆ ಮಾತ್ರ; ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಕೂಡದು; ನಾಲಿಗೆ ಹಿಡಿಯಕೂಡದು; ಗುಟುಕು ಗುಟುಕಾಗಿ ಹಾಕಿ, ಕೆಮ್ಮಿದೊಡನೆ ತಲೆ ಬಿಡಬೇಕು; ಅದಕ್ಕೂ ಮುಂಚೆ ಡಾಕ್ಟರಿಗೆ ಫೋನು ಮಾಡಿ ಹಾಕಲೇ ಎಂದು ಕೇಳಬೇಕು.

ಕೆಲಸಗಾರರಿಗೆ ಇದನ್ನೆಲ್ಲ ಕಲಿಸಿದರೆ ನಾಳೆ ಅವರೇ ಡಾಕ್ಟರಾಗಿಬಿಡುತ್ತಾರೆ ಎಂಬ ಆಕ್ಷೇಪವುಂಟು. ಪಶುವೈದ್ಯರಲ್ಲೇ ಕೆಲವರು ಹಾಗೆ ಹೇಳಿದ್ದನ್ನು ಕೇಳಿದ್ದೇನೆ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೆಯ ವಿಧಿಯ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಚಿಕಿತ್ಸೆ ನಡೆಸುವಂತಿಲ್ಲ; ರಾಜ್ಯ ಸರ್ಕಾರ ಅನುಮತಿಸಿದ ತರಬೇತಿ ಹೊಂದಿದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳನ್ನು ಮಾತ್ರ ಮಾಡಬಹುದು. ಹೊಟ್ಟೆ ಚುಚ್ಚುವುದು, ಚುಚ್ಚುಮದ್ದು ಆರಿಸುವುದು, ಹೊಲಿಗೆ ಹಾಕುವುದು ಕೆಲಸಗಾರರ ಕೆಲಸವಲ್ಲ. ಬೆಕ್ಕಿಗೆ ಜ್ವರವೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟು ಕೊಂದವರಿದ್ದಾರೆ. ಆ ಮಾತ್ರೆಯನ್ನು ಜೀರ್ಣಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಕುಂಟುವ ಹಸುವಿಗೆ ದಾನಿಗಳು ತಂದುಕೊಟ್ಟ ಮನುಷ್ಯರ ಡೈಕ್ಲೋಫೆನಾಕ್ ಚುಚ್ಚಿದವರಿದ್ದಾರೆ. ಆ ಹಸು ಸತ್ತು ರಣಹದ್ದುಗಳ ಪಾಲಾದರೆ ಹದ್ದುಗಳ ಮೂತ್ರಪಿಂಡ ಹಾಳಾಗುತ್ತದೆ. ಅದಕ್ಕಾಗಿಯೇ ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು, 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ನಮ್ಮ ರಾಮನಗರದ ರಾಮದೇವರಬೆಟ್ಟದ ಹದ್ದುಗಳನ್ನು ನೆನೆದರೆ ಇದು ದೂರದ ಮಾತಲ್ಲ. ಆದರೆ ಇವೆಲ್ಲ ಕಲಿಸಿದ್ದರಿಂದ ಆದ ಅನಾಹುತಗಳಲ್ಲ. ಏನು ಮಾಡಬಾರದು ಎಂಬುದನ್ನು ಹೇಳಿಕೊಡುವುದಕ್ಕೂ ಒಬ್ಬರು ಬಂದು ಕೂತು ಮಾತನಾಡಬೇಕಷ್ಟೆ. ಆ ಮೂರು ದಿನಗಳಲ್ಲಿ ನಾನು ಬರೆದುಕೊಂಡದ್ದರಲ್ಲಿ "ಮಾಡಬೇಡಿ" ಎಂಬುದೇ ಹೆಚ್ಚು.

ಹೃದಯ ನಿಂತ ನಾಯಿಯ ಎದೆ ಒತ್ತುವುದನ್ನು ಕಲಿಸಿ ಎಂದು ಹುಡುಗರು ಪಟ್ಟು ಹಿಡಿದರು, ದೂರದರ್ಶನದಲ್ಲಿ ನೋಡಿದ್ದರಂತೆ. ಕಲಿಸಿದರು. ನಿಮಿಷಕ್ಕೆ 100ರಿಂದ 120 ಬಾರಿ, ಎದೆಯ ಅಗಲದ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಒಳಹೋಗುವಂತೆ ಒತ್ತಬೇಕು. ಮೂವತ್ತು ಒತ್ತಿಗೆ ಎರಡು ಉಸಿರು. ಪಶುವೈದ್ಯರಿಗಾಗಿಯೇ ಇದರ ಅಂತಾರಾಷ್ಟ್ರೀಯ ಮಾರ್ಗಸೂಚಿ ಮೊದಲು ಬಂದದ್ದು 2012ರಲ್ಲಿ, ಪರಿಷ್ಕೃತವಾದದ್ದು 2024ರಲ್ಲಿ. ಆದರೆ ಉತ್ತಮ ಆಸ್ಪತ್ರೆಗಳಲ್ಲಿ ಕೂಡ ಹೀಗೆ ಬದುಕಿ ಮನೆಗೆ ಮರಳುವ ನಾಯಿಗಳು ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ ಎಂಬುದನ್ನು ಡಾಕ್ಟರಮ್ಮ ಮುಚ್ಚಿಡಲಿಲ್ಲ. "ಎದೆ ಒತ್ತೋ ಗಳಿಗೆ ಬರೋದಕ್ಕೆ ಮೊದಲೇ ವಸಡು ನೋಡಿ" ಎಂದು ಮತ್ತೆ ಹಳೆಯ ಪಾಠಕ್ಕೇ ಬಂದರು.

ಕೊನೆಯ ದಿನ ಫೋನಿನ ಅಭ್ಯಾಸ. ಇದಕ್ಕೆ ಅರ್ಧ ದಿನ ಬೇಕೇ ಎಂದು ನನಗೆ ಮೊದಲು ಅನ್ನಿಸಿತ್ತು. ಡಾಕ್ಟರಮ್ಮ ಒಂದು ಕೋಣೆಯಲ್ಲಿ ಕೂತರು, ಒಬ್ಬೊಬ್ಬರೂ ಹೊರಗಿನಿಂದ ಫೋನು ಮಾಡಬೇಕು. ಮೊದಲ ಹುಡುಗ, "ಮೇಡಂ, ನಾಯಿಗೆ ತುಂಬಾ ಸೀರಿಯಸ್ಸು" ಎಂದ. ಫೋನು ಇಟ್ಟುಬಿಟ್ಟರು. ಎರಡನೆಯವನಿಗೂ ಹಾಗೆಯೇ. ಐದನೆಯವರ ಹೊತ್ತಿಗೆ ಮಾತು ರೂಪ ತಾಳತೊಡಗಿತು: ಯಾವ ಪ್ರಾಣಿ, ಸುಮಾರು ಎಷ್ಟು ತೂಕ, ಯಾವಾಗಿನಿಂದ, ನಿಂತಿದೆಯೋ ಬಿದ್ದಿದೆಯೋ, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದ ಉಸಿರಿನ ಲೆಕ್ಕ, ವಸಡಿನ ಬಣ್ಣ, ಜ್ವರ, ಕೊನೆಗೆ ತಿಂದದ್ದೇನು. ಓದು ಬಾರದವರು ಇದನ್ನು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿ ನೆನಪಿಟ್ಟುಕೊಂಡರು. ತಾತ ಮಾತ್ರ ಒಂದನ್ನು ತಾವಾಗಿ ಸೇರಿಸಿದರು, "ಎಡಗಡೆ ಕುಳಿ ತುಂಬಿದೆಯೋ ಇಲ್ಲವೋ."

ಇಂದು ನಮ್ಮಲ್ಲಿ 1962 ಎಂಬ ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆ ಕೋರಬಹುದು. ಒಳ್ಳೆಯ ವ್ಯವಸ್ಥೆ. ವಾಹನ ಎಷ್ಟು ಬೇಗ ಹೊರಟರೂ ದಾರಿ ದಾರಿಯೇ. ಆ ದಾರಿಯ ಹೊತ್ತು ಕೊಟ್ಟಿಗೆಯಲ್ಲಿರುವವರ ಕೈಯಲ್ಲಿ ಇರುತ್ತದೆ. ನಿಮ್ಮೂರಿನ ಗೋಶಾಲೆಗೋ ಪ್ರಾಣಿಧಾಮಕ್ಕೋ ನೀವು ದಾನ ಕೊಡುವವರಾದರೆ ಒಂದು ಕೋರಿಕೆ. ಟ್ರ್ಯಾಕ್ಟರ್ ಲೋಡು ಹಸಿಸೊಪ್ಪನ್ನಾಗಲಿ, ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನಾಗಲಿ ಕೇಳದೆ ಕಳಿಸಬೇಡಿ. ಅನ್ನದ ರಾಶಿ ತಿಂದ ಹಸುವಿನ ಹೊಟ್ಟೆ ಹುಳಿಯೇರಿ, ಅದು ಒಂದೆರಡು ದಿನದಲ್ಲಿ ನೆಲ ಹಿಡಿಯುತ್ತದೆ. ಗೋಪೂಜೆಯ ಮರುದಿನ ಪಶುವೈದ್ಯರನ್ನು ಕೇಳಿ ನೋಡಿ. ಅದರ ಬದಲು ಎರಡು ಥರ್ಮಾಮೀಟರು, ಒಂದು ಡಬ್ಬಿ ಕೈಗವಸು, ಅಗಲವಾದ ಪಟ್ಟಿಬಟ್ಟೆ, ಗಾಯಗೊಂಡ ನಾಯಿಯನ್ನು ಅಲುಗಿಸದೆ ಎತ್ತಲು ಒಂದು ಹಲಗೆ, ರಾತ್ರಿಗೆ ಒಂದು ಒಳ್ಳೆಯ ಟಾರ್ಚು ಕೊಡಿ. ಕೆಲಸಗಾರರ ಲಸಿಕೆಯ ಖರ್ಚು ಕೊಟ್ಟರೆ ಇನ್ನೂ ಮೇಲು.

ಮರುವರ್ಷ ನಾನು ವಿಚಾರಿಸಿದಾಗ ಆ ಹದಿನಾಲ್ಕು ಜನರಲ್ಲಿ ಅದೇ ಕೆಲಸದಲ್ಲಿ ಉಳಿದವರು ಆರು ಮಂದಿ. ಹೆಚ್ಚು ಕೂಲಿ ಸಿಕ್ಕಿದ ಕಡೆಗೆ ಉಳಿದವರು ಹೋದರು, ಅವರನ್ನು ದೂರುವಂತಿಲ್ಲ. ಮೂರು ದಿನದ ತರಬೇತಿಯನ್ನು ಒಮ್ಮೆ ಮಾಡಿ ಫೋಟೋ ತೆಗೆಸಿಕೊಂಡರೆ ಸಾಲದು, ವರ್ಷ ವರ್ಷವೂ ಮಾಡಬೇಕು ಎಂದು ಡಾಕ್ಟರಮ್ಮ ಅಂದೇ ಹೇಳಿದ್ದರು. ಗೋಶಾಲೆಯ ನಾಲ್ವರಲ್ಲಿ ತಾತ ಮತ್ತು ಒಬ್ಬ ಹುಡುಗ ಉಳಿದಿದ್ದರು.

2019ರ ಮಳೆಗಾಲದ ಒಂದು ರಾತ್ರಿ ಒಂಬತ್ತೂವರೆಗೆ ಆ ಹುಡುಗ ಡಾಕ್ಟರಿಗೆ ಮಾಡಿದ ಫೋನಿನ ವಿವರವನ್ನು ಆ ಡಾಕ್ಟರೇ ಆಮೇಲೆ ನನಗೆ ಹೇಳಿದರು. ಹಿಂದೆ ಕ್ಯಾಲ್ಸಿಯಂ ಬಾಟಲಿ ತಂದಿದ್ದವರೇ ಅವರು. "ನಾಲ್ಕು ವರ್ಷದ ಹಸು ಸಾರ್, ಒಂದು ಗಂಟೆಯಿಂದ ಮೇವು ಬಿಟ್ಟಿದೆ, ಎಡಗಡೆ ಕುಳಿ ತುಂಬಿ ಬೆನ್ನಿಗಿಂತ ಮೇಲೆ ಬಂದಿದೆ, ಉಸಿರು ನಿಮಿಷಕ್ಕೆ ಅರವತ್ತು, ಇನ್ನೂ ನಿಂತಿದೆ, ಮುಂಗಾಲು ದಿಬ್ಬದ ಮೇಲೆ ಇರಿಸಿದ್ದೀವಿ, ಎಣ್ಣೆ ಹಾಕಲಾ ಸಾರ್?" ಡಾಕ್ಟರು ಹಾಕಿ ಎಂದರು, ಎಷ್ಟು ಎಂದೂ ಹೇಳಿದರು. ಮಳೆಯಲ್ಲಿ ಅವರು ಮುಟ್ಟುವುದಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಈ ಸಲ ಟ್ರೋಕಾರನ್ನೂ ಹೊಟ್ಟೆಗೆ ಬಿಡುವ ಕೊಳವೆಯನ್ನೂ ತಂದಿದ್ದರು. ಕೊಳವೆಯಲ್ಲೇ ಕೆಲಸವಾಯಿತು, ಟ್ರೋಕಾರ್ ಚೀಲದಿಂದ ಹೊರಗೆ ಬರಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಹಸು ಮೆಲುಕು ಹಾಕತೊಡಗಿತಂತೆ.

ತಾತ ಆ ರಾತ್ರಿ ಟಾರ್ಚು ಹಿಡಿದು ನಿಂತಿದ್ದರು. ಗೊಟ್ಟವನ್ನು ತಾವು ಮುಟ್ಟದೆ ಹುಡುಗನ ಕೈಗೆ ಕೊಟ್ಟಿದ್ದರಂತೆ.